ಎಕ್ಸ್ ಐದು, ವೈ ಮೂರು

“ಎಕ್ಸ್ ಐದು, ವೈ ಮೂರು!” ಮಯೂರಿ ಬೆಂಚಿನಿಂದಲೇ ಕೂಗಿದಳು.

ಬೋರ್ಡಿನ ಮುಂದಿದ್ದ ಸಾರಿಕಾಳ ಕೈ ನಿಂತಿತು. ಈ ವರ್ಷ ಅವಳು ತಾನಾಗಿ ಬೋರ್ಡಿಗೆ ಹೋದದ್ದು ಇದೇ ಮೊದಲು. ಗಣಿತದ ಟೀಚರ್ ಶಾಲನ ಬಾಯಿ ಎರಡು ಸಮೀಕರಣ ಕೊಟ್ಟಿದ್ದರು: x + y = 8, x − y = 4. ಸಾರಿಕಾ ಒಂದರ ಕೆಳಗೊಂದು ಬರೆದು, ಎರಡನ್ನೂ ಕೂಡಿಸಿ, 2x = 12 ಎಂಬಲ್ಲಿಗೆ ಬಂದಿದ್ದಳು. ಕೂಗು ಕೇಳಿದ್ದೇ ತಡ, ಎಲ್ಲವನ್ನೂ ಅಂಗೈಯಿಂದ ಒರೆಸಿ ಬಂದು ಕುಳಿತಳು.

“ಮಯೂರಿ, ಎರಡನೇದರಾಗ ಹಾಕಿ ನೋಡವಾ,” ಎಂದರು ಬಾಯಿ.

“ಐದರಾಗ ಮೂರು ಕಳದ್ರ... ಎರಡ್ರೀ.”

“ನಾಕ ಬರಬೇಕಿತ್ತಲ್ಲ?”

ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಮಯೂರಿಯ ಕಿವಿ ಬಿಸಿಯಾದವು. ಐದು ಮೂರು ಎಂಟು ಎಂದಷ್ಟೇ ನೋಡಿದ್ದಳು. ಕೆಳಗಿನ ಸಾಲು ಓದಿಯೇ ಇರಲಿಲ್ಲ.

“ಸಾರಿಕಾ, ನಿಂದ ಬರೋಬರ್ ನಡದಿತ್ತು. ಬಾ, ಪೂರಾ ಮಾಡು.”

ಸಾರಿಕಾ ತಲೆ ಎತ್ತಲಿಲ್ಲ. “ನಂಗ ಬರೂದಿಲ್ರೀ ಬಾಯಿ.”

ಬರುತ್ತಿತ್ತು. ಅದು ಮಯೂರಿಗೆ ಗೊತ್ತಿತ್ತು. ಎಲ್ಲರ ನಗುವಿಗಿಂತ ಆ ಮಾತೇ ಅವಳಿಗೆ ಹೆಚ್ಚು ನಾಚಿಕೆ ತಂದಿತು.

ಸಂಜೆ ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಊರಿನ ಎಸ್‌ಟಿ ಬಸ್ಸು ಹತ್ತಿ, ಮಯೂರಿ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಜಾಗ ಹಿಡಿದಳು.

“ಸಾರಿಕಾ, ಬಾ, ಇಲ್ಲೆ ಕೂಡು.”

“ಬ್ಯಾಡ.”

“ನಂದ ತಪ್ಪಾತು.”

“ನೀ ಯಾವಾಗ್ಲೂ ಹಿಂಗ ಒದರ್ತಿ. ನಾ ಅರ್ಧಾ ಮಾಡೂದ್ರಾಗ ನಿಂದ ಮುಗದಿರ್ತೈತಿ. ಆಮ್ಯಾಗ ನಾ ಯಾಕರ ಮಾಡ್ಲಿ?”

ಮಯೂರಿ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು. ಆ ಸೀಟಿನಲ್ಲಿ ಯಾರೋ ಅಜ್ಜಿ ಬಂದು ಕುಳಿತರು. ಊರು ಬರುವತನಕ ಸಾರಿಕಾ ಕಂಬಿ ಹಿಡಿದು ನಿಂತೇ ಇದ್ದಳು. ಮಯೂರಿ ಅವಳ ಕಡೆ ನೋಡಲಾರದೆ ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತ ಕುಳಿತಳು.

ಮರುದಿನ ಬಾಯಿ ಹೊಸ ಲೆಕ್ಕ ಬರೆದರು. ಸಾರಿಕಾ ಕೈ ಎತ್ತಲಿಲ್ಲ. ಆದರೆ ಮಯೂರಿಯ ಪಕ್ಕದಲ್ಲೇ ಬಗ್ಗಿ ಕುಳಿತು ವಹಿಯ ಹಾಳೆಯಲ್ಲಿ ನಿಧಾನವಾಗಿ ಬರೆಯತೊಡಗಿದಳು.

ಮಯೂರಿಗೆ ಉತ್ತರ ಸಿಕ್ಕಿತ್ತು. ಎರಡೂ ಸಾಲಿನಲ್ಲಿ ಹಾಕಿ ನೋಡಿದಳು. ಸರಿಯಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

“ಏನ ಮಯೂರಿ, ಇವತ್ತ ಗಪ್ಪ?” ಬಾಯಿ ಕೇಳಿದರು.

ಎಲ್ಲರೂ ತಿರುಗಿ ನೋಡಿದರು. ಮಯೂರಿಯ ಮುಖ ಮತ್ತೆ ಕೆಂಪಾಯಿತು.

“ಸಾರಿಕಾ ಮಾಡಾಕತ್ತಾಳ್ರೀ ಬಾಯಿ. ಒಂದೀಟ ತಡೀರಿ.”

ಸಾರಿಕಾ ಬರೆಯುವುದನ್ನು ನಿಲ್ಲಿಸಲಿಲ್ಲ. ಎಡಗೈಯಿಂದ ವಹಿಯನ್ನು ಮಯೂರಿಗೂ ಕಾಣುವಂತೆ ಬೆಂಚಿನ ನಡುವಿಗೆ ಸ್ವಲ್ಪ ಸರಿಸಿದಳು, ಅಷ್ಟೇ.