ಅರವತ್ತು ಅಡಿ ಕೆಳಗೆ ವಿಭೂತಿ

ಚಾಮುಂಡಿ ನನ್ನ ರೆಗ್ಯುಲೇಟರ್ ತೊಳೆಯುತ್ತಿದ್ದಳು.

ನೀರಿನಡಿ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ಸಾಧನ ಅದು. ಬಕೆಟ್ಟಿನಲ್ಲಿ ಅದ್ದಿದಳು. ಅದರ ಮುಂಭಾಗದ ಬಟನ್ ಒತ್ತಿದಳು. ಸೆರಗಿನ ಗಂಟು ಬಿಚ್ಚಿ, ಮಾದಪ್ಪನ ವಿಭೂತಿಯನ್ನು ಅದರ ಬಾಯೊಳಗೆ ಹಚ್ಚಿದಳು. ಮತ್ತೆ ಅದ್ದಿ, ಮತ್ತೆ ಒತ್ತಿದಳು.

ಬಟನ್ ಒತ್ತಿದರೆ ಒಳಗಿನ ಕವಾಟ ತೆರೆಯುತ್ತದೆ. ಪುಡಿ ನೇರ ಒಳಕ್ಕೆ!

ಬೇಡ ಅಕ್ಕ ಅನ್ನಬೇಕಿತ್ತು. ಗಂಡ ಕಾಣೆಯಾಗಿ ನಾಲ್ಕು ದಿನವಾದ ಹೆಂಗಸಿಗೆ ಹಾಗನ್ನಲು ಬಾಯಿ ಬರಲಿಲ್ಲ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ನೋಡುವುದು ಗೊತ್ತು... ಮಾತು ಗೊತ್ತಿಲ್ಲ. ಮುಳುಗಿದ್ದನ್ನು ಹುಡುಕುವ ಕೆಲಸಕ್ಕೆ ಮಾತು ಬೇಕಿಲ್ಲ.

ಅವಳ ಗಂಡ ಚಿಕ್ಕಮಾದು ಈ ಕರಿಕಲ್ಲಿನ ಕ್ವಾರಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದವನು. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಲಾರಿ ಹತ್ತಿ ಕೇರಳಕ್ಕೆ ಓಡಿದ ಅಂತ ಮಾಲೀಕ ಶಂಭುಲಿಂಗಪ್ಪ ಹೇಳುತ್ತಿದ್ದ. ಆದರೆ ಅವನ ಚಪ್ಪಲಿ ಮಾತ್ರ ಕ್ವಾರಿಯ ಈ ನೀರು ತುಂಬಿದ ಹೊಂಡದ ದಡದಲ್ಲೇ ಸಿಕ್ಕಿತ್ತು.

ನನ್ನ ಸೊಂಟದ ಹಗ್ಗ ಹಿಡಿದವರು ಶಿವರುದ್ರಸ್ವಾಮಿ ಮೇಷ್ಟ್ರು. ನೇವಿಯಲ್ಲಿದ್ದು ಬಂದವರು, ನನಗೆ ಮುಳುಗುವುದು ಕಲಿಸಿದವರು. ಮಂಡಿ ಹೋಗಿದೆ, ಇಳಿಯಲಾರರು.

"ಮೂರು ಸಲ ಜಗ್ಗುದ್ರೆ ಎಳ್ಕತೀನಿ. ಒಬ್ಳೇ ಇಳಿಯೋದು ರೂಲ್ಸಲ್ಲಿಲ್ಲ ಕಣಮ್ಮಿ."

"ಇನ್ನೊಬ್ರು ಎಲ್ಲವ್ರೆ ಮೇಷ್ಟ್ರೇ?"

ದಡದಲ್ಲಿ ರೆಗ್ಯುಲೇಟರ್ ಕಚ್ಚಿ ನಾಲ್ಕು ಉಸಿರು ಎಳೆದು ನೋಡಿದೆ. ಸರಿಯಾಗಿತ್ತು. ಇಳಿದೆ.

ಅರವತ್ತು ಅಡಿ. ಟಾರ್ಚಿನ ಬೆಳಕಿಗೆ ಒಂದು ಕಲ್ಲು. ಕಲ್ಲಿಗೆ ಸರಪಳಿ. ಸರಪಳಿಯೊಳಗೆ... ಒಂದು ಕೈ.

ಚಿಕ್ಕಮಾದು. ಕೇರಳಕ್ಕೆ ಓಡುವವನು ಕಲ್ಲು ಕಟ್ಟಿಕೊಂಡು ಓಡುವುದಿಲ್ಲ.

ಆಗಲೇ ಬಾಯಲ್ಲಿ ಸ್ಫೋಟ!

ಕವಾಟ ತೆರೆದಂತೆಯೇ ಸಿಕ್ಕಿಕೊಂಡಿತ್ತು. ಗಾಳಿ ಭುಸ್ಸೆಂದು ನುಗ್ಗಿತು. ಕೆನ್ನೆ ಉಬ್ಬಿತು. ಬರೀ ಗುಳ್ಳೆ, ಏನೂ ಕಾಣದು. ಗಾಳಿ ಮೀಟರಿನ ಮುಳ್ಳು ಕಣ್ಣೆದುರೇ ಇಳಿಯುತ್ತಿತ್ತು. ಎರಡು ನಿಮಿಷ... ಹೆಚ್ಚೆಂದರೆ.

ಮೇಷ್ಟ್ರ ಪಾಠ: ತುಟಿ ಬಿಗಿಯಬೇಡ. ಬಿಗಿದರೆ ಶ್ವಾಸಕೋಶ ಒಡೆಯುತ್ತೆ. ಬೋರ್‌ವೆಲ್ ಪೈಪಿನ ಅಂಚಲ್ಲಿ ನೀರು ಕುಡಿಯಲ್ವಾ, ಹಾಗೆ ಗಾಳಿ ಕುಡಿ. ಉಳಿದದ್ದು ಹೋಗಲಿ.

ರೆಗ್ಯುಲೇಟರನ್ನು ಬಾಯಿಂದ ಅರ್ಧ ಹೊರಗೆಳೆದೆ. ತಲೆ ವಾಲಿಸಿದೆ. ಗುಟುಕು ಗುಟುಕಾಗಿ ಎಳೆದೆ.

ಮೂರು ಸಲ ಜಗ್ಗಿದರೆ ಬದುಕುತ್ತೇನೆ. ಆದರೆ ಹಗ್ಗದ ಜೊತೆ ನಾನೂ ಮೇಲೆ ಹೋಗಿ ಬಾಯಿ ಬಿಟ್ಟರೆ ಅದು ಬರೀ ಮಾತು, ಸಂಜೆಯೊಳಗೆ ಮಾಲೀಕ ಇವನ ಮೇಲೆ ಹತ್ತು ಲೋಡು ಕಲ್ಲು ಸುರಿಸುತ್ತಾನೆ.

ಸೊಂಟದ ಹಗ್ಗ ಬಿಚ್ಚಿದೆ. ಅವನ ಸರಪಳಿಗೆ ಕಟ್ಟಿದೆ. ನಾಲ್ಕು ಸುತ್ತು, ಎರಡು ಗಂಟು.

ಈಗ ಹಗ್ಗ ಅವನದು. ದಾರಿ ನನ್ನದು.

ಸಣ್ಣ ಗುಳ್ಳೆಗಿಂತ ಬೇಗ ಏರಬಾರದು. ಉಸಿರು ಹಿಡಿಯಬಾರದು. ಹದಿನೈದು ಅಡಿ ಉಳಿದಾಗ ಸಿಲಿಂಡರ್ ಸುಮ್ಮನಾಯಿತು. ಇದ್ದ ಉಸಿರನ್ನು 'ಆ...' ಎಂದು ಬಿಡುತ್ತಾ ಏರಿದೆ.

ಬೆಳಕು!

ಚಾಮುಂಡಿ ನನ್ನ ಕೆನ್ನೆ ಹಿಡಿದುಕೊಂಡಳು. "ಮಾದಪ್ಪ ಕಾಪಾಡ್ಬುಟ್ಟ ಕಣವ್ವ."

ಹೂಂ ಅಂದೆ. ಉಳಿದದ್ದು ನುಂಗಿದೆ.

ಶಂಭುಲಿಂಗಪ್ಪ ಮೆಟ್ಟು ಸದ್ದು ಮಾಡುತ್ತಾ ಬಂದ. "ಏನ್ ಸಿಕ್ತಮ್ಮಿ? ನಾನ್ ಏಳ್ನಿಲ್ವಾ, ಓಡೋದ ಅಂತ?"

"ಹಗ್ಗದ ತುದೀಲಿ ಅವ್ನೆ," ಅಂದೆ. ನನ್ನ ದನಿ ಎದುರಿನ ಬಂಡೆಗೆ ಬಡಿದು ವಾಪಸ್ ಬಂತು. ಅಷ್ಟು ಜೋರಾಗಿ ನಾನು ಎಂದೂ ಮಾತಾಡಿರಲಿಲ್ಲ.

ಮೇಷ್ಟ್ರು ಎಳೆದರು. ಚಾಮುಂಡಿ ಅಳುತ್ತಲೇ ಎಳೆದಳು. ಹಗ್ಗ ಅಲುಗಲಿಲ್ಲ. ಕ್ವಾರಿಯ ಹನ್ನೆರಡು ಆಳುಗಳು ಮಾಲೀಕನ ಮುಖ ನೋಡುತ್ತಾ ನಿಂತಿದ್ದರು. ಕಲ್ಲು ಕಟ್ಟಿ ಅವನನ್ನು ತಳ್ಳುವ ದಿನ ಕೈಗಳಿಗೇನೂ ಬರ ಇರಲಿಲ್ಲ!

"ಇನ್ನೂ ನಾಕು ಜನ ಸಾಕು. ಬನ್ನಿ, ಹಗ್ಗ ಹಿಡೀರಿ," ಆಳುಗಳ ಕಡೆ ತಿರುಗಿ ನಾನೇ ಕೂಗಿದೆ.