ಹಿಂದಿನ ಸೀಟಿನ ಅಸೈನ್‌ಮೆಂಟ್

ಆ ಶನಿವಾರ ನಾನು ಬೇಕಂತಲೇ ತಪ್ಪು ಮಾಡೋಕೆ ಬಸ್ಸು ಹತ್ತಿದ್ದೆ.

2008ರ ಜನವರಿ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಪ್ರೈವೇಟ್ ಬಸ್ಸು, ನಮ್ಮ ಐಮಂಗಲಕ್ಕೆ ಮಧ್ಯಾಹ್ನ ಎರಡಕ್ಕೆ ಬರೋದು. ಮುಂದೆ ಹೆಂಗಸರ ಸೀಟು ನಾಲ್ಕು ಖಾಲಿ ಇದ್ದವು. ಅವನ್ನೆಲ್ಲ ದಾಟಿಕೊಂಡು ಸೀದಾ ಹಿಂದೆ, ಗಂಡಸರ ಕಡೆ ಹೋದೆ. ಕಿಟಕಿ ಪಕ್ಕ ಒಬ್ಬ ಹುಡುಗ ಕೂತಿದ್ದ. ಅವನ ಪಕ್ಕ ಧೊಪ್ಪನೆ ಕೂತುಬಿಟ್ಟೆ. ಅಯ್ಯೋ ದೇವರೇ, ನನ್ನ ಎದೆ ಹೊಡೆದುಕೊಂಡ ಜೋರಿಗೆ ಡ್ರೈವರಿಗೂ ಕೇಳಿಸಿರಬೇಕು.

ಕಂಡಕ್ಟರ್ ಬಂದ. "ಯಕ್ಕಾ, ಮುಂದೆ ಸೀಟು ಖಾಲಿ ಅವೆ ನೋಡು."

"ಇರ್ಲಿ ಬಿಡಣ್ಣ, ಇಲ್ಲೇ ಕುಂತ್ಕಂತೀನಿ."

"ಅಲ್ಲ, ಅದು ಗಂಡಸ್ರದ್ದು..."

"ಟಿಕೆಟ್ ಕೊಡಣ್ಣ."

ಅವನು ಟಿಕೆಟ್ ಹರಿದು ಕೊಟ್ಟು, ಮೇಲಿಂದ ಕೆಳಗೆ ಒಂದು ಸಲ ನೋಡಿ ಹೋದ. ಅಷ್ಟರಲ್ಲಿ ಪಕ್ಕದ ಹುಡುಗ ಎದ್ದ. "ದಾರಿ ಬಿಡ್ರಿ" ಅಂತ ಗೊಣಗಿ, ನನ್ನ ಕಾಲು ತುಳಿಯದ ಹಾಗೆ ಸರ್ಕಸ್ ಮಾಡಿ ಆಚೆ ದಾಟಿ, ಮೇಲಿನ ಕಂಬಿ ಹಿಡಿದು ನಿಂತ. ಬಸ್ಸಿನ ತುಂಬಾ ಸೀಟು ಖಾಲಿ! ಆದರೂ ದುರ್ಗ ಬರೋವರೆಗೂ ನಿಂತೇ ಇದ್ದ ಮಹರಾಯ. ಎಣ್ಣೆ ಹಚ್ಚಿ ಬಾಚಿದ ತಲೆ, ಜೇಬಲ್ಲಿ ಎರಡು ಪೆನ್ನು. ಕಿವಿ ಮಾತ್ರ ಕೆಂಪಗೆ ಆಗಿದ್ದವು. ಅದನ್ನೂ ನೋಡಿ ಇಟ್ಟುಕೊಂಡೆ, ಯಾಕಂದರೆ ಅವತ್ತು ಕಂಡಿದ್ದನ್ನೆಲ್ಲ ನಾನು ಬರೆಯಬೇಕಿತ್ತು.

ನಾನು ಚೌಡೇಶ್ವರಿ. ಆಗ ಊರಿನ ಪ್ರೈವೇಟ್ ಸ್ಕೂಲಲ್ಲಿ ಟೀಚರ್. ಬಿ.ಎ. ಮುಗಿಸಿ ಸುಮ್ಮನೆ ಕೂರೋಕಾಗದೆ, ಬೆಂಗಳೂರಿನ ಒಂದು ಸಂಸ್ಥೆಯವರ ಸಮಾಜಶಾಸ್ತ್ರದ ಆನ್‌ಲೈನ್ ಕೋರ್ಸಿಗೆ ಸೇರಿದ್ದೆ. ಪಾಠ ಕಂಪ್ಯೂಟರಲ್ಲೇ ಬರೋದು. ಆಶಾರಾಣಿ ಮೇಡಂ ಅನ್ನೋರು ಪಾಠ ಹಾಕೋರು. ಅವರ ಮುಖ ನಾನು ಇವತ್ತಿಗೂ ನೋಡಿಲ್ಲ. ಊರಲ್ಲಿ ಇಂಟರ್‌ನೆಟ್ ಇರಲಿಲ್ಲ, ಹಾಗಾಗಿ ಪ್ರತಿ ಶನಿವಾರ ದುರ್ಗದ ಸೈಬರ್ ಕೆಫೆಗೆ ಹೋಗ್ತಿದ್ದೆ. ಮೂರನೇ ಪೇಪರು 'ವಿಚಲನೆ, ಅಪರಾಧ ಮತ್ತು ಸಾಮಾಜಿಕ ನಿಯಂತ್ರಣ'. ಅದಕ್ಕೆ ಮೇಡಂ ಕೊಟ್ಟ ಅಸೈನ್‌ಮೆಂಟ್ ಹೀಗಿತ್ತು: ನಿಮ್ಮೂರಿನ ಒಂದು ಸಣ್ಣ ಕಟ್ಟುಪಾಡು ಮುರಿಯಿರಿ. ಯಾರಿಗೂ ನೋವಾಗಬಾರದು. ಜನ ನಿಮ್ಮನ್ನು ಮತ್ತೆ ದಾರಿಗೆ ತರೋಕೆ ಏನೇನು ಮಾಡ್ತಾರೆ ಅನ್ನೋದನ್ನು ಬರೆಯಿರಿ.

ಬರೆದೆ. ಕಂಡಕ್ಟರನ ನೋಟ ಬರೆದೆ. 'ಪಕ್ಕದ ಯುವಕ ಬೆಚ್ಚಿ ಎದ್ದು ನಿಂತ, ಅವನ ಕಿವಿ ಕೆಂಪಾದವು, ಇದೂ ಸಾಮಾಜಿಕ ನಿಯಂತ್ರಣವೇ' ಅಂತ ಜಂಬದಿಂದ ಬರೆದು, ಕೋರ್ಸಿನವರೆಲ್ಲ ಓದುವ ಚರ್ಚೆಯ ಪುಟಕ್ಕೆ ಹಾಕಿದೆ.

ಮುಂದಿನ ಶನಿವಾರ ಹೆಂಗಸರ ಸೀಟಲ್ಲೇ ಕೂತು ದುರ್ಗಕ್ಕೆ ಹೋಗಿ, ಸೈಬರಲ್ಲಿ ನೋಡಿದರೆ ಕೆಳಗೆ ಒಂದು ಉತ್ತರ.

'ಮೇಡಂ, ಆ ಯುವಕ ನಾನೇ. ನಾನು ಬೆಚ್ಚಿಬಿದ್ದು ಎದ್ದಿದ್ದಲ್ಲ. ಸೀಟು ಖಾಲಿ ಇದ್ದರೂ ಐಮಂಗಲದಿಂದ ದುರ್ಗದವರೆಗೆ ನಿಂತೇ ಹೋಗೋದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅದೇ ನನ್ನ ಅಸೈನ್‌ಮೆಂಟ್. ನೀವು ಬಂದು ಕೂತು ಅದನ್ನ ಕೆಡಿಸಿದಿರಿ. ಈಗ ಎಲ್ಲರೂ ನಾನು ನಿಮಗೆ ಹೆದರಿ ನಿಂತೆ ಅಂದುಕೊಂಡಿದ್ದಾರೆ. ಹಾಲಸ್ವಾಮಿ, ಹಿರಿಯೂರು.'

ಅದರ ಕೆಳಗೆ ಆಶಾರಾಣಿ ಮೇಡಂ ಒಂದೇ ಸಾಲು ಬರೆದಿದ್ದರು: 'ಇಬ್ಬರದೂ ಸೊನ್ನೆ. ಮತ್ತೆ ಮಾಡಿ.'

ಸೈಬರಲ್ಲಿ ನಾನೊಬ್ಬಳೇ ಕೂತು ಬಿದ್ದು ಬಿದ್ದು ನಕ್ಕೆ. ಓನರ್ ಶ್ರೀನಿವಾಸ್ ಬಗ್ಗಿ ನೋಡಿ, "ಏನ್ ಟೀಚರ್, ಏನಾತು?" ಅಂದ.

ಮತ್ತೊಂದು ಶನಿವಾರ ಬಂತು. ಬಸ್ಸು ಹತ್ತಿದೆ. ಅದೇ ಸೀಟು, ಅದೇ ಎಣ್ಣೆ ತಲೆ. ಪಕ್ಕದ ಸೀಟಿನ ಮೇಲೆ ಬ್ಯಾಗ್ ಇತ್ತು. ನನ್ನನ್ನು ನೋಡಿದ ತಕ್ಷಣ ಮಾತಿಲ್ಲದೆ ಬ್ಯಾಗ್ ಎತ್ತಿ ತೊಡೆ ಮೇಲೆ ಇಟ್ಟುಕೊಂಡರು. ಕೂತೆ.

"ಯಾಕೆ, ಇವತ್ತು ನಿಂತ್ಕಳಲ್ವಾ?" ಅಂದೆ.

"ನನ್ ಕಿವಿ ಬಗ್ಗೆ ಬರ್ದಿದ್ರಲ್ಲ, ಮೊದ್ಲು ಅದನ್ನ ಅಳ್ಸಿರಿ."

"ಕಣ್ಣಿಗೆ ಕಂಡಿದ್ದು ಬರೀಬೇಕು ಅಂತ ಮೇಡಂ ಹೇಳವ್ರೆ."

"ಈಗೇನ್ ಕಾಣ್ತೈತೆ?"

ನಾನು ತಿರುಗಿ ಚೆನ್ನಾಗಿಯೇ ನೋಡಿದೆ. "ಈಗ್ಲೂ ಕೆಂಪೇ."

ಅವರು ಕಿಟಕಿ ಕಡೆ ಮುಖ ಮಾಡಿಕೊಂಡರು. ಆದರೆ ಗಾಜಿನಲ್ಲಿ ಅವರ ನಗು ನನಗೆ ಕಾಣ್ತಿತ್ತು. ಗಾಜಿನಲ್ಲಿ ನಾನು ನೋಡ್ತಿರೋದು ಅವರಿಗೂ ಕಾಣ್ತಿತ್ತು ಅಂತ ಎಷ್ಟೋ ದಿನದ ಮೇಲೆ ಹೇಳಿದರು, ಕಳ್ಳ!

ಅವರು ಹಿರಿಯೂರು ಕೋರ್ಟಿನಲ್ಲಿ ಟೈಪಿಸ್ಟ್. ಊರು ಹೊಸದುರ್ಗ ಕಡೆ ಮಾಡದಕೆರೆ. ಶನಿವಾರ ದುರ್ಗಕ್ಕೆ ಬಂದು, ಸೈಬರ್ ಕೆಲಸ ಮುಗಿಸಿ, ಅಲ್ಲಿಂದ ಊರಿನ ಬಸ್ಸು ಹಿಡಿಯೋರು. ನಮ್ಮಪ್ಪನ ಹಾಗೆ ಅವರಪ್ಪನದೂ ಕುರಿಮಂದೆ. ಅಂದರೆ ಒಂದೇ ಜಾತಿ ಜನ. ಆದರೆ ನಮ್ಮಲ್ಲಿ ಮದುವೆಗೆ ಅಷ್ಟೇ ಸಾಲದು, ಬೆಡಗು, ಅಂದರೆ ಗೋತ್ರ, ಬೇರೆಬೇರೆ ಇರಬೇಕು. ಒಂದೇ ಬೆಡಗಿನವರು ಅಂದರೆ ಅಣ್ಣ ತಂಗಿ, ಮುಗೀತು, ಅಲ್ಲಿಗೆ ಮಾತೇ ಇಲ್ಲ. ಆ ಪ್ರಶ್ನೆ ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ಕೇಳಿದರೆ ಮನಸ್ಸಲ್ಲಿ ಇರೋದು ಬಯಲಾಗುತ್ತಲ್ಲ. ಉತ್ತರ ಬೇಡದ್ದಾಗಿದ್ದರೆ ಅನ್ನೋ ಹೆದರಿಕೆ ಬೇರೆ.

ಅಸೈನ್‌ಮೆಂಟ್ ಆ ಎರಡನೇ ಸಲಕ್ಕೇ ಮುಗಿದಿತ್ತು. ಮೇಡಂ ಇಬ್ಬರಿಗೂ ಒಳ್ಳೆ ಮಾರ್ಕ್ಸ್ ಕೊಟ್ಟರು. ಆದರೂ ಮೂರನೇ ಸಲ ನಾನು ಹಿಂದೆಯೇ ಹೋಗಿ ಕೂತೆ. "ಇದ್ಯಾವ ಪಾಠಕ್ಕೆ?" ಅಂತ ಅವರು ಕೇಳಲಿಲ್ಲ. ಬ್ಯಾಗ್ ಎತ್ತಿಕೊಂಡರು ಅಷ್ಟೇ.

ಏನೇನು ಮಾತಾಡ್ತಿದ್ದೆವು! ಒಂದು ದಿನ ಹೇಳಿದರು, "ನಾನು ದಿನಕ್ಕೆ ನೂರು ಸಲ 'ಆರೋಪಿ' ಅಂತ ಟೈಪ್ ಮಾಡ್ತೀನಿ ಚೌಡೇಶ್ವರಿಯವ್ರೇ. ಅವ್ರು ತಪ್ಪು ಮಾಡವ್ರೋ ಇಲ್ವೋ ಯಾರಿಗೂ ಗೊತ್ತಿರಲ್ಲ. ಆಮೇಲೆ ಬಿಡುಗಡೆ ಅಂತಾನೂ ನಾನೇ ಟೈಪ್ ಮಾಡ್ತೀನಿ. ಆದ್ರೆ ಊರಾಗೆ ಅವ್ರನ್ನ ಕರೆಯೋದು ಮೊದ್ಲನೇ ಹೆಸ್ರಲ್ಲೇ."

"ಮೇಡಂ ಪಾಠದಾಗೆ ಅದಕ್ಕೆ ಹಣೆಪಟ್ಟಿ ಅಂತಾರೆ."

"ಪಾಠದಾಗೆ ಎರಡು ಪುಟ ಐತೆ. ನಾನು ಮುಖಗಳನ್ನೇ ನೋಡ್ತೀನಿ."

ಹೀಗನ್ನೋವಾಗ ಅವರ ದನಿ ಸಣ್ಣದಾಯಿತು. ನನಗೆ ಈ ಮನುಷ್ಯ ಬೇಕು ಅನಿಸಿದ್ದು ಆಗಲೇ. ಪ್ರೀತಿ ಹುಟ್ಟೋದಕ್ಕೆ ಎಂತೆಂಥ ಜಾಗ ಇರುತ್ತವೆ ಅಂತ ಕೇಳಿದ್ದೆ. ನನ್ನದು ಹುಟ್ಟಿದ್ದು ಹೈವೇಯಲ್ಲಿ, ಕೋರ್ಟಿನ ವಿಷಯ ಮಾತಾಡುತ್ತಾ.

ಸೈಬರಲ್ಲಿ ಪ್ಲೈವುಡ್ಡಿನ ಸಣ್ಣ ಗೂಡುಗಳು. ಒಂದೊಂದು ಸಲ ಒಂದೇ ಸಿಸ್ಟಮ್ ಖಾಲಿ ಇರೋದು, ಆಗ ಇಬ್ಬರೂ ಒಂದರ ಮುಂದೆ ಕೂರ್ತಿದ್ದೆವು. ಕರೆಂಟ್ ಹೋದರೆ ಯುಪಿಎಸ್ ಕುಂಯ್‌ಗುಟ್ಟೋದು, ಶ್ರೀನಿವಾಸ್ "ಸೇವ್ ಮಾಡ್ಕಳ್ರಪ್ಪೋ!" ಅಂತ ಕಿರುಚೋನು. ಇಬ್ಬರ ಕೈಯೂ ಒಟ್ಟಿಗೇ ಮೌಸಿಗೆ ಹೋಗೋವು. ಎಷ್ಟು ಪಾಠ ಸೇವ್ ಆಗಲಿಲ್ಲವೋ ಲೆಕ್ಕವೇ ಇಲ್ಲ.

ಆರನೇ ಶನಿವಾರ ಅದೇ ಬಸ್ಸಿಗೆ ಬೋರಣ್ಣ ಮಾವ ಹತ್ತಿದರು, ಅಮ್ಮನ ದೊಡ್ಡಪ್ಪನ ಮಗ. ನಾನು ಗಾಜಿನ ಕಡೆ ನೋಡಿ ನಗ್ತಾ ಇದ್ದೆ, ಅವರನ್ನು ಗಮನಿಸಲೇ ಇಲ್ಲ. ಸಾಯಂಕಾಲ ನಾನು ಊರಲ್ಲಿ ಇಳಿಯೋ ಹೊತ್ತಿಗೆ ಹಿಟ್ಟಿನ ಗಿರಣಿ ಮುಂದೆ ನಿಂತಿದ್ದ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಪಾಠದಲ್ಲಿ ಓದಿದ್ದೆಲ್ಲ ಮೈಮೇಲೆ ಬಂದಾಗ ಹೇಗಿರುತ್ತೆ ಅಂತ ಅವತ್ತು ಗೊತ್ತಾಯಿತು.

ಅಪ್ಪ ಜುಂಜಣ್ಣ ಜಾಸ್ತಿ ಮಾತಿನವನಲ್ಲ. "ಇನ್ಮೇಲೆ ದುರ್ಗಕ್ಕೆ ಹೋಗಂಗಿಲ್ಲ" ಅಂದ, ಅಷ್ಟೇ.

"ಬರೋ ಶನಿವಾರ ಪರೀಕ್ಷೆ ಐತಪ್ಪ. ಸೈಬರಾಗೇ ಬರೀಬೇಕು. ಇಲ್ಲಾಂದ್ರೆ ಇಡೀ ವರ್ಷ ಮಣ್ಣುಪಾಲು."

"ಸೋಮವಾರ ಕಟ್ಟೆ ಸೇರ್ತಾರೆ. ಅವ್ರು ಹೇಳ್ದಂಗೆ."

ಅಮ್ಮ ಚಂದ್ರಕ್ಕ ಅಡಿಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದಳು, "ತಪ್ಪಾತು ಅಂತ ಕಾಯಿ ಇಟ್ಟುಬಿಡು ನನ್ನವ್ವ. ಒಂದು ನಿಮಿಷದ ಕೆಲ್ಸ."

ನಮ್ಮ ಜನ ನ್ಯಾಯಕ್ಕೆ ಸೇರೋ ಕಟ್ಟೆಯ ರಿವಾಜು ಅದು. ತಪ್ಪು ಮಾಡಿದವರು ತೆಂಗಿನಕಾಯಿ, ಎಲೆ ಅಡಿಕೆ ಹಿಡಿದು ನಿಲ್ಲಬೇಕು. ತಪ್ಪು ಒಪ್ಪಿ ಯಜಮಾನರ ಮುಂದೆ ಇಟ್ಟರೆ ಮುಗೀತು, ಆಮೇಲೆ ಆ ವಿಷಯ ಯಾರೂ ಎತ್ತುವಂತಿಲ್ಲ. ಒಂದು ಲೆಕ್ಕಕ್ಕೆ ಕೋರ್ಟಿಗಿಂತ ಎಷ್ಟೋ ವಾಸಿ. ಆದರೆ ಇಟ್ಟ ಮೇಲೆ ಆ ತಪ್ಪನ್ನು ಮತ್ತೆ ಮಾಡುವಂತಿಲ್ಲ. ಕಾಯಿ ಇಟ್ಟರೆ ಪರೀಕ್ಷೆ ಸಿಗುತ್ತೆ, ಹಾಲಸ್ವಾಮಿ ಹೋಗ್ತಾರೆ. ಭಾನುವಾರ ಇಡೀ ದಿನ ನಾನು ಅದನ್ನೇ ಯೋಚಿಸಿದೆ, ತೀರ್ಮಾನ ಮಾತ್ರ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಬೇವಿನ ಮರದ ಕೆಳಗೆ ಕಟ್ಟೆ ತುಂಬ ಜನ. ಯಜಮಾನ ಚಿತ್ತಪ್ಪಜ್ಜ ಕಂಬಳಿ ಹಾಸಿ ಕೂತಿದ್ದರು. ಬೋರಣ್ಣ ಮಾವ ಕಂಡಕ್ಟರನ ಹತ್ತಿರ ಗುರುತು ಕೇಳಿ, ಹಿರಿಯೂರಿಗೆ ಹೇಳಿ ಕಳಿಸಿ ಹಾಲಸ್ವಾಮಿಯವರನ್ನೂ ಕರೆಸಿದ್ದರು. ಬಿಳಿ ಶರ್ಟು ಹಾಕಿಕೊಂಡು, ರಜೆ ಹಾಕಿ ಬಂದಿದ್ದರು ಪಾಪ. ಕೈಯಲ್ಲಿ ಮೇಡಂ ಅಸೈನ್‌ಮೆಂಟಿನ ಪ್ರಿಂಟ್‌ಔಟ್! ಕೋರ್ಟಿನ ಬುದ್ಧಿ ಎಲ್ಲಿ ಹೋಗುತ್ತೆ, ಕಟ್ಟೆಗೂ ದಾಖಲೆ ತಂದಿದ್ದರು. ನಿಂತು ಓದಿದರು.

"ವಿಚಲನೆ ಅಂದ್ರೇನಪ್ಪ?" ಅಂದರು ಅಜ್ಜ.

"ಕಟ್ಟುಪಾಡು ತಪ್ಪಿ ನಡಿಯದು ಅಜ್ಜಾ."

"ಅದನ್ನ ಕಲ್ಸಾಕೂ ಇಸ್ಕೂಲ್ ಐತಾ?"

ಜನ ಗೊಳ್ಳೆಂದರು. ಹಾಲಸ್ವಾಮಿ ನಗಲಿಲ್ಲ. "ಇವ್ರು ಪಾಠಕ್ಕೆ ಅಂತ ಕುಂತಿದ್ದು ಅಜ್ಜಾ. ನಂಗೂ ಇವ್ರಿಗೂ ಬೇರೇನೂ ಇಲ್ಲ. ಬೇಕಾದ್ರೆ ನಾಳೆಯಿಂದ ಆ ಬಸ್ಸೇ ಹತ್ತಲ್ಲ. ಇವ್ರಿಗೆ ಪರೀಕ್ಷೆ ಬರಿಯಾಕೆ ಬಿಡ್ರಿ." ಇಷ್ಟು ಹೇಳುವಾಗ ಒಂದು ಸಲವೂ ನನ್ನ ಕಡೆ ನೋಡಲಿಲ್ಲ.

"ಸರಿ, ಮುಗೀತಲ್ಲ" ಅಂದರು ಅಜ್ಜ. "ಕಾಯಿ ಇಡವ್ವ. ಹೋಗಿ ಓದ್ಕೋ."

ಕಾಯಿ ನನ್ನ ಕೈಯಲ್ಲಿತ್ತು. ಬಗ್ಗಿದರೆ ಸಾಕಿತ್ತು. ಆದರೆ ನನಗೆ ಬಂತು ನೋಡಿ ಸಿಟ್ಟು! ಬೇರೇನೂ ಇಲ್ಲವಂತೆ. ನನ್ನನ್ನು ಕಾಪಾಡೋಕೆ ಹೇಳಿದ್ದು ಅಂತ ಗೊತ್ತು, ಆದರೂ ಹೊಟ್ಟೆ ಉರಿದುಹೋಯಿತು.

"ಅದು ಸುಳ್ಳು ಅಜ್ಜಾ" ಅಂದೆ.

ಹಾಲಸ್ವಾಮಿ ಗಾಬರಿಯಾಗಿ ತಲೆ ಎತ್ತಿದರು. ಬೇಡ ಅನ್ನುವ ಹಾಗೆ ಕಣ್ಣಲ್ಲೇ ಕೈಮುಗಿದರು. ನಾನು ನಿಲ್ಲಿಸಲಿಲ್ಲ.

"ಮೊದ್ಲನೇ ಶನಿವಾರ ಪಾಠಕ್ಕೆ ಕುಂತೆ. ಎರಡನೇ ಸಲಾನೂ ಪಾಠಕ್ಕೇ. ಆಮೇಲೆಲ್ಲ ಇವ್ರಿಗೋಸ್ಕರ ಕುಂತೆ. ಇವ್ರ ಮಾತು ಕೇಳಾಕೆ. ಅದು ತಪ್ಪು ಅಂತ ನಾನು ಕಾಯಿ ಇಡಲ್ಲ. ಇಟ್ರೆ ದೇವರ ಮುಂದೆ ಸುಳ್ಳು ಹೇಳ್ದಂಗಾತದೆ. ಪರೀಕ್ಷೆ ಹೋದ್ರೆ ಹೋಗ್ಲಿ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ನೆಲ ನೋಡುತ್ತಾ ಕೂತಿದ್ದ. ನಾನು ಪ್ರೀತಿಯ ವಿಷಯ ಹಾಲಸ್ವಾಮಿಯವರ ಹತ್ತಿರವೇ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಮೊದಲ ಸಲ ಹೇಳಿದ್ದು ಇಡೀ ಊರಿನ ಮುಂದೆ.

ಚಿತ್ತಪ್ಪಜ್ಜ ಎಲೆಗೆ ಸುಣ್ಣ ಸವರಿದರು. ಮಡಚಿದರು. ಬಾಯಿಗೆ ಹಾಕಿಕೊಂಡರು. ಆಮೇಲೆ ಹಾಲಸ್ವಾಮಿ ಕಡೆ ತಿರುಗಿದರು. "ಏನಪ್ಪ ಟೈಪ್ ಹೊಡಿಯೋನೇ, ನಿಂದು ಯಾವ ಬೆಡಗು?"

ಕಟ್ಟೆಯ ಕೆಳಗೆ ಕೂತಿದ್ದ ಹೆಂಗಸರು ತಟ್ಟನೆ ತಲೆ ಎತ್ತಿದರು. ಯಾಕಂದರೆ ತಪ್ಪು ಮಾಡಿದವನ ಬೆಡಗನ್ನು ನಮ್ಮಲ್ಲಿ ಯಾರೂ ಕೇಳೋದಿಲ್ಲ. ಅದನ್ನು ಕೇಳೋದು ಗಂಡು ನೋಡೋವಾಗ.

ನಮ್ಮದು ಅರಿಷಿಣದ ಬೆಡಗು. ಅವರ ಬಾಯಲ್ಲಿ ಆ ಹೆಸರು ಬರದಿರಲಿ ಅಂತ ಇದ್ದಬದ್ದ ದೇವರನ್ನೆಲ್ಲ ಬೇಡಿಕೊಂಡೆ.

"ಆನೆ ಬೆಡಗು ಅಜ್ಜಾ" ಅಂದರು.

"ಕೂಡ್ತದೆ ಬಿಡು" ಅಂತ ಹಿಂದಿನಿಂದ ಯಾರೋ ಅಂದರು. ನೋಡಿದರೆ ಬೋರಣ್ಣ ಮಾವ!

ಅಜ್ಜ ಅಪ್ಪನಿಗೆ ಹೇಳಿದರು, "ಕಟ್ಟೆಗೆ ಬಂದ ಕಾಯಿ ವಾಪಸ್ ಮನೆಗೆ ಹೋಗಂಗಿಲ್ಲ ಜುಂಜಣ್ಣ. ತಪ್ಪಿಗೂ ಅದೇ ಕಾಯಿ, ಲಗ್ನದ ಒಪ್ಪಿಗೂ ಅದೇ ಕಾಯಿ. ಯಾವ್ದಕ್ಕೆ ಇಡ್ತೀಯೋ ನೀನೇ ನೋಡು."

ಅಪ್ಪ ಎದ್ದ. ಬಂದು ನನ್ನ ಕೈಯಿಂದ ಕಾಯಿ ತಗೊಂಡ. ಅಜ್ಜನ ಮುಂದೆ ಇಟ್ಟುಬಿಡ್ತಾನೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ಎಷ್ಟು ಹೊತ್ತಾದರೂ ಇಟ್ಟ ಸದ್ದು ಕೇಳಲಿಲ್ಲ. ಕಣ್ಣು ಬಿಟ್ಟರೆ, ಅಪ್ಪ ಹಾಲಸ್ವಾಮಿಯವರ ಎದುರಿಗೆ ನಿಂತಿದ್ದ.

"ಎಲ್ರೂ ನನ್ ಮಗಳನ್ನ ಕೇಳಿದ್ರು, ನನ್ನ ಕೇಳಿದ್ರು. ನಿನ್ನ ಯಾರೂ ಕೇಳ್ಲಿಲ್ವಲ್ಲಪ್ಪ" ಅಂದ. "ನಿಂಗೆ ಒಪ್ಪಿಗೆ ಐತಾ?"

ಹಾಲಸ್ವಾಮಿಯವರ ಕೈಯಲ್ಲಿದ್ದ ಪ್ರಿಂಟ್‌ಔಟ್ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ನನ್ನ ಕಡೆ ನೋಡಿದರು, ಈ ಸಲ ಗಾಜಿನಲ್ಲಿ ಅಲ್ಲ, ನೇರವಾಗಿ. ಎರಡೂ ಕೈ ಮುಂದೆ ಚಾಚಿದರು.

"ಐತೆ ಮಾವ."

ಮಾವ ಅಂದುಬಿಟ್ಟರು! ಕಟ್ಟೆಯೆಲ್ಲ ಹೋ ಅಂದಿತು. ಅಪ್ಪ ಕಾಯಿಯನ್ನು ಅವರ ಕೈಗೆ ಇಟ್ಟು, ಆ ಕಡೆ ತಿರುಗಿ ಹೆಗಲ ಟವೆಲ್‌ನಿಂದ ಮುಖ ಒರೆಸಿಕೊಂಡ. ನಾನು ಮಾತ್ರ ಅಷ್ಟು ಜನರ ಎದುರಿಗೇ ಗೊಳೋ ಅಂತ ಅತ್ತುಬಿಟ್ಟೆ.