ದೊಡ್ಡಮ್ಮನ ನೀಲಿ

ಮನೆಯಲ್ಲೇ ಸೀರೆಗೆ ಬಣ್ಣ ಹಾಕುವುದರಲ್ಲಿ ನಮ್ಮ ದೊಡ್ಡಮ್ಮನಿಗೆ ಸಾಟಿಯಿರಲಿಲ್ಲ. ದೇವರ ಪದ್ಯ ಹೇಳುತ್ತಾ ಅದ್ದುತ್ತಿದ್ದಳು. ಪದ್ಯ ಮುಗಿದಾಗ ಎತ್ತಿದರೆ ಮುಸ್ಸಂಜೆಯ ಬಾನಿನಂಥ ನೀಲಿ.

ಅವಳು ತೀರಿಕೊಂಡ ಮೇಲೆ, ಮಗಳಾದ ಅಕ್ಕನಿಗೆಂದು ಅವಳೇ ಎತ್ತಿಟ್ಟಿದ್ದ ಬಿಳಿ ಸೀರೆಯನ್ನು ನಾನೇ ಹಿತ್ತಿಲ ಒಲೆಯ ಮೇಲಿನ ಬಿಸಿ ಬಣ್ಣದ ಹಂಡೆಯಲ್ಲಿ ಅದ್ದಿದೆ. ನಡುವೆ ಪದ್ಯ ಮರೆತುಹೋಯಿತು. ಅಕ್ಕನನ್ನು ಕೇಳಲು ಒಳಗೆ ಓಡಿದೆ.

"ದಿನಾ ಅಮ್ಮನ ಬಾಯಿ ನೋಡ್ತಾ ಕೂತಿರ್ತಿದ್ದವಳು ನೀನು, ನನ್ನ ಕೇಳ್ತೀಯಲ್ಲೇ. ಅದು ಕೆಟ್ರೆ ಅಮ್ಮ ಇಟ್ಟಿದ್ದು ಇನ್ನೊಂದಿಲ್ಲ ಕಣೆ."

ಅಷ್ಟರಲ್ಲಿ ಹಿತ್ತಿಲಿನಿಂದ ಬಟ್ಟೆ ಅದ್ದಿ ಎತ್ತುವ ಸದ್ದು ಪದ್ಯದ ಲಯದಲ್ಲೇ ಕೇಳಿಸಿತು.

ಹೋಗಿ ನೋಡಿದರೆ ಒಲೆ ಉರಿಯುತ್ತಿತ್ತು, ಹಂಡೆಯ ನೀರು ಮಾತ್ರ ತಣ್ಣಗಿತ್ತು. ಸೀರೆ ಹಗ್ಗದ ಮೇಲಿತ್ತು, ಅದೇ ನೀಲಿ. ಸೆರಗಿನ ತುದಿಯಲ್ಲಿ, ಯಾರೋ ಹಿಡಿದಿದ್ದ ಜಾಗದಲ್ಲಿ, ಹೆಬ್ಬೆರಳಿನಷ್ಟು ಬಿಳಿ ಉಳಿದಿತ್ತು. ಅಕ್ಕ ಅದನ್ನು ಮುಟ್ಟಿದಳು.

"ಇಲ್ಲಿ ಮಾತ್ರ ಬೆಚ್ಚಗಿದೆ ಕಣೆ," ಎಂದಳು.